ಐದನೆಯ ಚೌಕ

ಬಿಳಿಗುಂಡನಹಳ್ಳಿ
ನಾಗಮಂಗಲ ತಾಲ್ಲೂಕು
11-1-1999

ಪ್ರಮೀಳಾ,

ನನ್ನ ಕೈಲಿ ಕಾಗದ ಬರೆಸುತ್ತಿದ್ದೀಯಲ್ಲ, ಇದು ನಿನಗೆ ಸರಿಯೇ? ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಟ್ಟು ನೇಗಿಲು ಹಿಡಿದವನು ನಾನು. ಮೊನ್ನೆ ಬೆಳ್ಳೂರು ಕ್ರಾಸಿಗೆ ಹೋಗಿ, ಎಸ್‌ಟಿಡಿ ಬೂತಿನಲ್ಲಿ ಮುಕ್ಕಾಲು ಗಂಟೆ ನಿಂತು, ಶ್ರೀರಂಗಪಟ್ಟಣದ ನಿಮ್ಮ ಆಫೀಸಿಗೆ ಫೋನು ಹಾಕಿಸಿದೆ. ಯಾವಳೋ ಎತ್ತಿಕೊಂಡಳು. ಮೇಡಂ ಮೈಸೂರಿಗೆ ಹೋಗಿದ್ದಾರೆ, ವಿಷಯ ಏನಿದ್ದರೂ ಬರೆದು ಕಳಿಸಿ ಅಂದಳು. ನನ್ನ ತಮ್ಮನ ಮಗಳ ಹತ್ತಿರ ಮಾತಾಡುವುದಕ್ಕೆ ನಾನು ಅರ್ಜಿ ಹಾಕಬೇಕಾಯಿತು. ಹಾಕುತ್ತಿದ್ದೇನೆ. ತಪ್ಪಿದ್ದರೆ ನೀನೇ ತಿದ್ದಿಕೋ.

ಹೋದ ಕಾರ್ತೀಕದಲ್ಲಿ ನೀನು ಫಾರಂ ಕಟ್ಟು ತಂದು ನಮ್ಮ ಜಗಲಿ ಮೇಲೆ ಕೂತು ಬರೆದುಕೊಂಡು ಹೋದೆ. ನಾಲ್ಕು ತಾಲ್ಲೂಕಿನ ನಾಲ್ಕು ಊರಲ್ಲಿ ಹಿರಿಯರ ಕಷ್ಟ ಕೇಳುತ್ತೇವೆ, ಯಾವ ಊರಲ್ಲಿ ಹೆಚ್ಚೋ ಆ ಊರಿಗೆ ಸಂಸ್ಥೆಯವರು ಒಬ್ಬ ನರ್ಸನ್ನು ಕೊಡುತ್ತಾರೆ, ವಾರಕ್ಕೆ ಎರಡು ಸಲ ಮನೆಬಾಗಿಲಿಗೇ ಬರುತ್ತಾಳೆ ಅಂದೆ. ಅರವತ್ತನಾಲ್ಕು ಮನೆಯವರೂ ಕೆಲಸ ಬಿಟ್ಟು ನಿನಗೆ ಉತ್ತರ ಕೊಟ್ಟರು. ನಾನು ಹೇಳಿದೆ ಅಂತ ಕೊಟ್ಟರು.

ಈಗ ಡೈರಿ ಸೆಕ್ರೆಟರಿ ಶಿವಲಿಂಗಯ್ಯ ಶ್ರೀರಂಗಪಟ್ಟಣಕ್ಕೆ ಹೋಗಿದ್ದವನು ನಿಮ್ಮ ಆಫೀಸಿಗೂ ಹೋಗಿ ಬಂದಿದ್ದಾನೆ. "ನಿಮ್ಮೂರಿನ ಕಾಗ್ದ ಪಕ್ಕಕ್ ಎತ್ತಿಟ್ಟವ್ರಂತೆ ಯಜಮಾನ್ರೇ, ಲೆಕ್ಕಕ್ಕೇ ಬತ್ತಿಲ್ವಂತೆ" ಅಂತ ನಾಲ್ಕು ಜನರೆದುರು ಹೇಳಿದ. ಪಾಂಡವಪುರದ್ದು ಲೆಕ್ಕಕ್ಕೆ ಬಂತು, ಶ್ರೀರಂಗಪಟ್ಟಣದ್ದು ಬಂತು, ಕೆ.ಆರ್. ಪೇಟೆಯದು ಬಂತು, ನಮ್ಮದಕ್ಕೆ ಏನು ಬಂದಿದೆ ದೊಡ್ಡ ರೋಗ? ಜನ ನನ್ನ ಮುಖ ನೋಡುತ್ತಿದ್ದಾರೆ.

ನಿನ್ನ ದೊಡ್ಡವ್ವ ಚೆನ್ನಾಗಿದ್ದಾಳೆ. ಹಿಡಿದರೆ ಏಳುತ್ತಾಳೆ.

ಏನು ಎತ್ತ ಅಂತ ಬರೆ.

ನಿನ್ನ ದೊಡ್ಡಪ್ಪ
ಹೊನ್ನಪ್ಪ


ಶ್ರೀರಂಗಪಟ್ಟಣ
24-1-1999

ಪ್ರೀತಿಯ ದೊಡ್ಡಪ್ಪ,

ನಿಮ್ಮ ಅಕ್ಷರ ನೋಡಿ ಎಷ್ಟು ವರ್ಷವಾಗಿತ್ತು. ಫೋನಿಗೆ ಸಿಗದೇ ಇದ್ದದ್ದು ನನ್ನ ತಪ್ಪು. ಕಂಪ್ಯೂಟರ್ ಇರುವುದು ಮೈಸೂರಿನಲ್ಲಿ, ವಾರದಲ್ಲಿ ನಾಲ್ಕು ದಿನ ಅಲ್ಲೇ ಇರುತ್ತೇನೆ.

ನಿಮ್ಮೂರನ್ನು ಯಾರೂ ತೆಗೆದುಹಾಕಿಲ್ಲ. ಪಕ್ಕಕ್ಕೆ ಇಟ್ಟಿದ್ದು ನಿಜ, ಇಟ್ಟವಳು ನಾನೇ. ಏಕೆ ಎಂದು ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಫಾರಮ್ಮಿನಲ್ಲಿ ಹನ್ನೆರಡನೆಯ ಪ್ರಶ್ನೆ ನೆನಪಿದೆಯೇ? 'ನಿಮ್ಮ ಮನೆಯ ಹಿರಿಯರು ಹಾಸಿಗೆಯಿಂದ ಎದ್ದು ಹಿತ್ತಲಿಗೆ ಹೋಗಿ ಬರುತ್ತಾರೆಯೆ?' ಅದಕ್ಕೆ ಐದು ಚೌಕ. ಕಷ್ಟವಿಲ್ಲದೆ, ಸ್ವಲ್ಪ ಕಷ್ಟಪಟ್ಟು, ಬಹಳ ಕಷ್ಟಪಟ್ಟು, ಒಬ್ಬರು ಹಿಡಿದುಕೊಂಡರೆ, ಏಳಲು ಆಗುವುದೇ ಇಲ್ಲ. ಒಂದು ಚೌಕದಿಂದ ಮುಂದಿನದಕ್ಕೆ ದಾಟುವ ಮೆಟ್ಟಿಲು ಎಷ್ಟು ಎತ್ತರದಲ್ಲಿದೆ, ಅಂದರೆ ಕಷ್ಟ ಎಷ್ಟಾದ ಮೇಲೆ ಜನ ಮುಂದಿನ ಚೌಕ ಹೇಳುತ್ತಾರೆ ಎಂದು ಒಂದೊಂದು ಊರಿಗೂ ಬೇರೆಬೇರೆಯಾಗಿ ಲೆಕ್ಕ ಹಾಕಬೇಕು. ಆಮೇಲೆ ಊರು ಊರನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಈ ಲೆಕ್ಕಕ್ಕೆ ನಾನು ಬಳಸುತ್ತಿರುವುದು 'ಆರ್' ಎಂಬ ಒಂದಕ್ಷರದ ಹೆಸರಿನ ಹೊಸ ಪ್ರೋಗ್ರಾಂ. ಮೈಸೂರಿನಲ್ಲಿ ಈ ಕೆಲಸ ನೋಡಿಕೊಳ್ಳುವ ನಮ್ಮ ಮೇಷ್ಟ್ರು ಹೊರದೇಶದಿಂದ ತಂದದ್ದು. ಅದು ಇನ್ನೂ ಬೆಳೆಯುತ್ತಿರುವ ಕೂಸು, ನಮಗೆ ಬೇಕಾದ್ದನ್ನು ನಾವೇ ಬರೆದು ಕಲಿಸಬೇಕು.

ಬಿಳಿಗುಂಡನಹಳ್ಳಿಯ ಅರವತ್ತನಾಲ್ಕು ಮನೆಗಳಲ್ಲಿ ಐದನೆಯ ಚೌಕಕ್ಕೆ ಒಂದೂ ಗುರುತು ಬಿದ್ದಿಲ್ಲ. ಉಳಿದ ಮೂರು ಊರಲ್ಲಿ ಬಿದ್ದಿದೆ. ಸುಮ್ಮನೆ ಬಿಟ್ಟರೆ ನಮ್ಮ ಪ್ರೋಗ್ರಾಂ ಗುರುತು ಇರುವ ಚೌಕಗಳನ್ನು ಮಾತ್ರ ಎಣಿಸಿಕೊಳ್ಳುತ್ತದೆ. ಆಗ ನಿಮ್ಮೂರಿಗೆ ಚೌಕ ನಾಲ್ಕೇ, ಬೇರೆ ಊರಿಗೆ ಐದು, ಒಂದರ ಪಕ್ಕ ಒಂದನ್ನು ಇಡಲು ಬರುವುದಿಲ್ಲ. 'ಇಲ್ಲ, ಇಲ್ಲಿ ಐದನೆಯದೂ ಉಂಟು' ಎಂದು ನಾನು ಹೇಳಿಕೊಟ್ಟರೆ ಆ ಕೊನೆಯ ಮೆಟ್ಟಿಲನ್ನು ಹುಡುಕಿಕೊಂಡು ಹೊರಡುತ್ತದೆ. ಅದನ್ನು ದಾಟಿದವರು ಒಬ್ಬರೂ ಇಲ್ಲವಲ್ಲ, ಎಲ್ಲೂ ಸಿಗುವುದಿಲ್ಲ. ಇನ್ನೂ ಮೇಲಿರಬೇಕು, ಇನ್ನೂ ಮೇಲಿರಬೇಕು ಎಂದು ಹೋಗುತ್ತಲೇ ಇರುತ್ತದೆ. ಸಂಜೆಯವರೆಗೆ ಕಾದು ನಾನೇ ಕೈಯಾರೆ ನಿಲ್ಲಿಸುತ್ತೇನೆ.

ಜೂನ್ ಕೊನೆಗೆ ವರದಿ ಕೊಡಬೇಕು, ಅಲ್ಲಿಯವರೆಗೆ ಸಮಯವಿದೆ. ಒಂದೇ ಒಂದು ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ನಿಜವಾಗಿಯೂ ನಿಮ್ಮೂರಲ್ಲಿ ಏಳಲಾರದವರು ಒಬ್ಬರೂ ಇಲ್ಲವೇ?

ದೊಡ್ಡವ್ವನಿಗೆ ನಾನು ಕೇಳಿದೆ ಎಂದು ಹೇಳಿ.

ಪ್ರಮೀಳಾ


ಬಿಳಿಗುಂಡನಹಳ್ಳಿ
9-2-1999

ಪ್ರಮೀಳಾ,

ನಿನ್ನ ಕಾಗದವನ್ನು ಸೊಸೆ ಜಯಲಕ್ಷ್ಮಮ್ಮನ ಕೈಲಿ ಎರಡು ಸಲ ಓದಿಸಿದೆ, ನಾನೂ ಒಂದು ಸಲ ಓದಿದೆ. ಮೆಟ್ಟಿಲು ಗಿಟ್ಟಿಲು ನನಗೆ ಬೇಡ. ನೀನು ಕೇಳುತ್ತಿರುವುದು ನಾನು ಸುಳ್ಳು ಹೇಳಿದೆನೋ ಅಂತ. ನೇರವಾಗಿ ಕೇಳುವುದಕ್ಕೆ ಏನು ಧಾಡಿ?

ನಮ್ಮೂರಲ್ಲಿ ಊರೊಟ್ಟಿನ ಯಾವ ಕೆಲಸವೂ ನಮ್ಮ ಜಗಲಿಯಿಂದ ಶುರುವಾಗುತ್ತದೆ. ಮದುವೆ ವೀಳ್ಯ ಹಂಚಿದರೂ ಮೊದಲು ನಮ್ಮ ಮನೆ, ಕೆರೆ ಏರಿಗೆ ಆಳು ಕಳಿಸಿದರೂ ಮೊದಲು ನಮ್ಮ ಮನೆ. ಅದು ನಿನಗೆ ಗೊತ್ತು. ಹೈಸ್ಕೂಲಿನ ಮೂರು ವರ್ಷ ಇದೇ ಮನೆಯಲ್ಲಿ ಇದ್ದು ಓದಿದವಳು ನೀನು. ಗೊತ್ತಿದ್ದೇ ನಮ್ಮ ಜಗಲಿಯಲ್ಲಿ ಮೊದಲ ಫಾರಂ ಬಿಚ್ಚಿದೆ. ಆವತ್ತು ಅಂಗಳದಲ್ಲಿ ಇಡೀ ಊರು ಕೂತಿತ್ತು. ಒಳಗೆ ಆಗತಾನೆ ಸೊಸೆ ದೀಪ ಹಚ್ಚಿದ್ದಳು. ದೀಪದ ಮುಂದೆ, ಊರ ಮುಂದೆ, ಬದುಕಿರುವ ಮುತ್ತೈದೆಯನ್ನು ಇವಳು ಇನ್ನು ಏಳುವುದಿಲ್ಲ ಅಂತ ಯಾವ ಗಂಡಸು ಬಾಯಿಬಿಟ್ಟು ಹೇಳುತ್ತಾನೆ? ಒಬ್ಬರು ಹಿಡಿದರೆ ಏಳುತ್ತಾಳೆ ಅಂದೆ. ನೀನು ನಾಲ್ಕಕ್ಕೆ ಗುರುತು ಹಾಕಿಕೊಂಡೆ.

ಯಜಮಾನನ ಮನೆಯಲ್ಲೇ ನಾಲ್ಕು ಅಂದ ಮೇಲೆ ಐದು ಅನ್ನುವವನು ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ. ನನ್ನ ಕಷ್ಟ ಯಜಮಾನನದಕ್ಕಿಂತ ದೊಡ್ಡದು ಅಂದ ಹಾಗಾಗುತ್ತದಲ್ಲ. ನನ್ನ ಹಿಂದೆ ತಮ್ಮಯ್ಯ ಕೂತಿದ್ದ. ಅವನ ಅವ್ವ ಎರಡು ವರ್ಷದಿಂದ ಮಗ್ಗುಲು ಬದಲಾಯಿಸಿಲ್ಲ. "ನಮ್ದೂ ಯಜಮಾನ್ರಂಗೇ ಬರ್ಕಳವ್ವ" ಅಂದ. ನೀನು ಬರೆದುಕೊಂಡೆ.

ಇದು ನಮ್ಮೂರ ಮರ್ಯಾದೆ. ನಿನ್ನ ಕಂಪ್ಯೂಟರಿಗೆ ಮರ್ಯಾದೆ ತಿಳಿಯದಿದ್ದರೆ ಅದಕ್ಕೆ ಊರು ಏನು ಮಾಡಬೇಕು?

ಯೋಚನೆ ಮಾಡಿ ನಾನೇ ಒಂದು ದಾರಿ ಹೇಳುತ್ತೇನೆ. ಐದನೆಯ ಚೌಕವನ್ನೇ ಕಿತ್ತು ಹಾಕು. ಎಲ್ಲಾ ಊರಿಗೂ ಕಿತ್ತು ಹಾಕು. ಐದರಲ್ಲಿ ಇರುವವರನ್ನು ತಂದು ನಾಲ್ಕಕ್ಕೆ ಸೇರಿಸು. ಆಗ ಎಲ್ಲರೂ ಸಮ. ಇಷ್ಟಕ್ಕೆ ಎಂ.ಎ. ಓದಬೇಕೇ?

ನಿನ್ನ ದೊಡ್ಡವ್ವನನ್ನು ಆವತ್ತಿನಿಂದ ದಿನಾ ಬೆಳಗ್ಗೆ ಎಬ್ಬಿಸಿ ನಡುಮನೆ ಕಂಬಕ್ಕೆ ಒರಗಿಸಿ ಕೂರಿಸುತ್ತೇನೆ. ಹಾದಿಯಲ್ಲಿ ಹೋಗುವವರು ನೋಡಿ ಮಾತಾಡಿಸಿಕೊಂಡು ಹೋಗುತ್ತಾರೆ. ನಾನು ಹೇಳಿದ್ದರಲ್ಲಿ ಸುಳ್ಳು ಏನಿದೆ?

ಹೊನ್ನಪ್ಪ


ಶ್ರೀರಂಗಪಟ್ಟಣ
2-3-1999

ದೊಡ್ಡಪ್ಪ,

ನೀವು ಹೇಳಿದ ದಾರಿಯನ್ನೇ ನಮ್ಮ ಮೇಷ್ಟ್ರೂ ಹೇಳಿದ್ದಾರೆ. ಖಾಲಿ ಚೌಕವನ್ನು ಪಕ್ಕದ ಚೌಕದೊಳಗೆ ಸೇರಿಸಿಬಿಡು, ಎಲ್ಲರೂ ಹಾಗೇ ಮಾಡುತ್ತಾರೆ ಎಂದು. ನೀವು ಬರೆದದ್ದನ್ನು ಅವರಿಗೆ ಓದಿ ಹೇಳಿದೆ, ನಿಮ್ಮ ದೊಡ್ಡಪ್ಪ ಎಷ್ಟು ಓದಿದ್ದಾರೆ ಎಂದು ಕೇಳಿದರು.

ಸೇರಿಸಿ ನೋಡಿದೆ. ಲೆಕ್ಕ ಅರ್ಧ ನಿಮಿಷದಲ್ಲಿ ಮುಗಿಯಿತು. ಬಿಳಿಗುಂಡನಹಳ್ಳಿ ಮೊದಲನೆಯದಾಗಿ ಬಂತು. ನಾಲ್ಕರಲ್ಲಿ ಅಷ್ಟು ಜನ ಇರುವ ಊರು ಬೇರೊಂದಿಲ್ಲ.

ಆದರೆ ಕೆ.ಆರ್. ಪೇಟೆ ಕಡೆಯ ಹೊಂಗೆಕೊಪ್ಪಲಿನಲ್ಲಿ ಒಬ್ಬರಿದ್ದಾರೆ. ಹೆಸರು ಹೇಳಬಾರದು, ನಿಮಗೆ ಹೇಳುತ್ತೇನೆ, ಚಿಕ್ಕಬೋರಮ್ಮ. ಮೂರು ವರ್ಷದಿಂದ ಹಾಸಿಗೆಯಲ್ಲಿದ್ದಾರೆ. ಅವರ ಗಂಡ ಚಲುವಯ್ಯ ನಾನು ಕೇಳಿದ ಕೂಡಲೇ ಐದನೆಯದಕ್ಕೆ ಹಾಕಿ ಎಂದರು. ಆ ಊರಲ್ಲಿ ಹಾಗೆ ಹೇಳಿದವರು ಆರು ಜನ. ಚೌಕ ಸೇರಿಸಿದರೆ, ಮಗಳ ಭುಜ ಹಿಡಿದುಕೊಂಡು ಹಿತ್ತಲಿಗೆ ಹೋಗಿ ಬರುವ ಪಾಂಡವಪುರದ ಅಜ್ಜಿಗೂ ಚಿಕ್ಕಬೋರಮ್ಮನಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ನಿಜ ಹೇಳಿದವರ ನಿಜವನ್ನು ನಾನು ಅಳಿಸಿದ ಹಾಗೆ ಆಗುತ್ತದೆ. ಹಾಗೆಯೇ ಬಿಟ್ಟರೆ ನಿಮ್ಮೂರು ಲೆಕ್ಕಕ್ಕೆ ಬರುವುದಿಲ್ಲ, ನರ್ಸು ಹೊಂಗೆಕೊಪ್ಪಲಿಗೆ ಹೋಗುತ್ತಾಳೆ.

ಇನ್ನೊಂದು ವಿಷಯ. ನವೆಂಬರಿನಿಂದ ಹೇಳಬೇಕು ಎಂದುಕೊಂಡೇ ಇದ್ದೇನೆ. ಆವತ್ತು ಫಾರಂ ಮುಗಿದ ಮೇಲೆ ಕಿತ್ತಳೆ ಹಣ್ಣು ಕೊಡುವ ನೆಪದಲ್ಲಿ ನಾನು ಒಳಗೆ ಹೋಗಿದ್ದೆ. ದೊಡ್ಡವ್ವನ ಕೈ ಎತ್ತಿ ನನ್ನ ಕೆನ್ನೆಗೆ ಇಟ್ಟುಕೊಂಡೆ. ಬಿಟ್ಟ ಕೂಡಲೇ ಅದು ಕೆಳಕ್ಕೆ ಬಿತ್ತು. ನನಗೆ ಎರಡು ಜಡೆ ಹಾಕಿ ಸ್ಕೂಲಿಗೆ ಕಳಿಸಿದ ಕೈ. ಹೊರಗೆ ಬಂದೆ, ಫಾರಂ ಇನ್ನೂ ಜಗಲಿ ಮೇಲೆಯೇ ಇತ್ತು, ಪೆನ್ನೂ ಇತ್ತು. ಮನೆಯವರು ಹೇಳಿದ್ದನ್ನೇ ಬರೆಯಬೇಕು ಎಂಬುದು ನಮಗೆ ಕೊಟ್ಟಿರುವ ನಿಯಮ. ನಿಯಮವನ್ನು ಮುಂದಿಟ್ಟುಕೊಂಡು ಸುಮ್ಮನೆ ಎದ್ದು ಬಂದೆ.

ಪ್ರಮೀಳಾ


ಬಿಳಿಗುಂಡನಹಳ್ಳಿ
25-3-1999

ಪ್ರಮೀಳಾ,

ನೋಡಿದ್ದೆಯಾ. ಕಣ್ಣಾರೆ ನೋಡಿ ನಾಲ್ಕು ಅಂತಲೇ ಬಿಟ್ಟು ಹೋದೆಯಾ. ನಾನು ಓದಿಲ್ಲದವನು, ಊರಿಗೆ ಅಂಜಿದೆ, ದೀಪಕ್ಕೆ ಅಂಜಿದೆ. ನೀನು ಯಾವುದಕ್ಕೆ ಅಂಜಿದೆ?

ಯುಗಾದಿ ದಿನ ಸೊಸೆ ಅವಳ ಬಾಯಿಗೆ ಬೇವುಬೆಲ್ಲ ಇಟ್ಟಳು. ಬೇವು ಉಗುಳಲಿಲ್ಲ, ಬೆಲ್ಲ ನುಂಗಲಿಲ್ಲ. ಎರಡೂ ಬಾಯಲ್ಲೇ ಇತ್ತು.

ನನಗೆ ಇನ್ನು ಬರೆಯಬೇಡ.

ಹೊನ್ನಪ್ಪ


ಬಿಳಿಗುಂಡನಹಳ್ಳಿ
30-4-1999

ಪ್ರಮೀಳಾ,

ಬರೆಯಬೇಡ ಅಂದರೆ ಬರೆಯುವುದನ್ನೇ ಬಿಟ್ಟೆ. ಒಳ್ಳೆಯ ಹುಡುಗಿ. ನಾನೇ ಬರೆಯಬೇಕಾಯಿತು.

ಹೋದ ವಾರ ಹೊಂಗೆಕೊಪ್ಪಲಿಗೆ ಹೋಗಿದ್ದೆ. ನಾಗಮಂಗಲದಲ್ಲಿ ಬಸ್ಸು ಹತ್ತಿ, ಕೆ.ಆರ್. ಪೇಟೆಯಲ್ಲಿ ಇಳಿದು, ಅಲ್ಲಿಂದ ಟ್ರಾಕ್ಟರಿನ ಹಿಂದೆ ಕೂತು ಹೋದೆ. ಜಗಳ ಆಡುವುದಕ್ಕೇ ಹೋದದ್ದು, ಸುಳ್ಳೇಕೆ ಹೇಳಲಿ. ಹೆಂಡತಿಯ ಹೆಣಗಾಟವನ್ನು ಊರ ಮುಂದೆ ಬಿಚ್ಚಿಟ್ಟು ನರ್ಸು ಗಿಟ್ಟಿಸಿಕೊಳ್ಳುವವನು ಎಂಥ ಗಂಡಸು ಅಂತ ನೋಡಬೇಕಿತ್ತು.

ಚಲುವಯ್ಯ ಜಗಲಿ ಮೇಲೆ ಹಗ್ಗ ಹೊಸೆಯುತ್ತಿದ್ದ. ನನಗಿಂತ ಒಂದೆರಡು ವರ್ಷ ಚಿಕ್ಕವನು. ಯಾರು, ಯಾವೂರು ಅಂತ ಕೇಳುವ ಮೊದಲೇ ಮಜ್ಜಿಗೆ ಕೊಟ್ಟ. ಕುಡಿದ ಮೇಲೆ ಜಗಳ ಹೇಗೆ ಆಡುವುದು? ಆದರೂ ಕೇಳಿದೆ, ಆ ಹುಡುಗಿ ಬಂದಾಗ ಐದು ಅಂತ ಹೇಗಯ್ಯ ಹೇಳಿದೆ ಅಂತ. ಅವನಿಗೆ ನನ್ನ ಪ್ರಶ್ನೆಯೇ ತಿಳಿಯಲಿಲ್ಲ.

"ಮೂರೊರ್ಸಾಯ್ತು ಕಣಣ್ಣ, ಎದ್ದಿಲ್ಲ. ಕೇಳುದ್ರು, ಎದ್ದಿಲ್ಲ ಅಂದೆ. ಅದ್ರಾಗೇನು?"

ಒಳಗಿನಿಂದ ಅವನ ಹೆಂಡತಿ ಕೂಗಿದಳು. "ನಿಜಾನೇ ಯೋಳವ್ನೆ ಬುಡಣ್ಣ. ಸುಳ್ ಯೋಳಿದ್ರೆ ನಾನೇ ಎದ್ ಬಂದು ಬಾಯ್ಗ್ ಒಡೀತಿದ್ದೆ."

ಹೇಳಿ ಅವಳೇ ನಕ್ಕಳು. ಅವನೂ ನಕ್ಕ. ಹಗ್ಗದ ಎಳೆ ಕೈ ತಪ್ಪಿಹೋಯಿತು, ಮತ್ತೆ ಹಿಡಿದುಕೊಂಡ. ಆ ಮನೆಯಲ್ಲಿ ನಗು ಇದೆ. ನಮ್ಮ ಮನೆಯಲ್ಲಿ ನಾನು ನಿನ್ನ ದೊಡ್ಡವ್ವನನ್ನು ಒಂದು ದಿನವೂ ಹೇಗಿದ್ದೀಯ ಅಂತ ಕೇಳಿದವನಲ್ಲ. ಅವಳಿಗೆ ಕೇಳಿಸದ ಹಾಗೆ ಪಿಸುಗುಡುತ್ತೇವೆ. ಕೇಳಿಸಿಕೊಳ್ಳುವುದೊಂದೇ ಅವಳಿಗೆ ಈಗ ಉಳಿದಿರುವ ಕೆಲಸ.

ಬಂದ ಮಾರನೆಯ ಬೆಳಗ್ಗೆ ಎಂದಿನ ಹಾಗೆ ಎಬ್ಬಿಸಿ ಕಂಬಕ್ಕೆ ಒರಗಿಸಲು ಹೋದೆ. ಕಂಕುಳಿಗೆ ಕೈ ಹಾಕಿದ್ದೆ. ಅವಳು ಮಾತಾಡಿದಳು. ಇತ್ತೀಚೆಗೆ ಮಾತು ತೊದಲು, ಆದರೆ ಆವತ್ತು ಒಂದೊಂದು ಮಾತೂ ನನಗೆ ಸರಿಯಾಗಿ ಕೇಳಿಸಿತು.

"ನಾಕು ನಾಕು ಅಂತ ದಿನಾ ಎತ್ತುತೀರ. ನಂಗೆ ಬೆನ್ನೆಲ್ಲ ಉರಿ. ಐದು ಅನ್ನಿ. ನಾನೂ ಒಸಿ ಮನಿಕ್ಕತೀನಿ."

ಆವತ್ತು ಜಗಲಿಯಲ್ಲಿ ನೀನು ಓದಿದ ಚೌಕಗಳನ್ನೆಲ್ಲ ಅವಳು ಒಳಗೆ ಮಲಗಿಯೇ ಕೇಳಿಸಿಕೊಂಡಿದ್ದಳು. ನಾನು ಕೊಟ್ಟ ಉತ್ತರವನ್ನೂ ಕೇಳಿಸಿಕೊಂಡಿದ್ದಳು. ಐದು ತಿಂಗಳು ಆ ಉತ್ತರವನ್ನು ನಿಜ ಮಾಡಬೇಕು ಅಂತ ದಿನಾ ಅವಳನ್ನು ಎಳೆದು ಕೂರಿಸಿದೆ. ಸೊಸೆ ತೋರಿಸಿದಳು, ಬೆನ್ನಿನ ಮೇಲೆ ಅಂಗೈ ಅಗಲ ಹುಣ್ಣಾಗಿದೆ. ಕಂಬ ತಾಗುವ ಜಾಗ.

ಈಗ ಕೂರಿಸುವುದಿಲ್ಲ. ಮಲಗಿದ್ದಾಳೆ.

ಆದ್ದರಿಂದ ನಮ್ಮ ಮನೆಯದನ್ನು ಐದಕ್ಕೆ ಹಾಕು. ನಾನೇ ಹೇಳುತ್ತಿದ್ದೇನೆ. ಒಂದು ಗುರುತು ಬಿದ್ದರೆ ನಿನ್ನ ಲೆಕ್ಕ ಒಂದು ಕಡೆ ನಿಲ್ಲುತ್ತದಲ್ಲ?

ಹೊನ್ನಪ್ಪ


ಶ್ರೀರಂಗಪಟ್ಟಣ
14-5-1999

ದೊಡ್ಡಪ್ಪ,

ನಿಮ್ಮ ಕಾಗದ ಬಂದ ದಿನವೇ ಮೈಸೂರಿಗೆ ಹೋಗಿ ಮೇಷ್ಟ್ರನ್ನು ಕೇಳಿದೆ. ಆಗುವುದಿಲ್ಲ ಎಂದರು. ನಾಲ್ಕು ಊರನ್ನೂ ನವೆಂಬರಿನಲ್ಲಿ ಕೇಳಿದ್ದು. ಒಂದು ಮನೆಯದನ್ನು ಈಗ ತಿದ್ದಿದರೆ ಎಲ್ಲಾ ಮನೆಗಳಿಗೂ ಮತ್ತೆ ಹೋಗಬೇಕು, ಅದಕ್ಕೆ ಸಂಸ್ಥೆಯವರು ಒಪ್ಪುವುದಿಲ್ಲ. ನನಗೆ ಗೊತ್ತಿರುವ ನಿಜ ಬೇರೆ, ಕಾಗದದ ಮೇಲೆ ಇರುವ ನಿಜ ಬೇರೆ, ಲೆಕ್ಕ ಹಾಕಬೇಕಾದದ್ದು ಕಾಗದದ್ದು ಎಂದರು. ಅವರು ಕೆಟ್ಟವರಲ್ಲ. ಹೇಳಿ ಕಿಟಕಿಯ ಕಡೆ ತಿರುಗಿಕೊಂಡರು.

ಒಂದು ಗುರುತಿನಿಂದ ಸಾಲುವುದೂ ಇಲ್ಲ, ದೊಡ್ಡಪ್ಪ. ಒಂದೇ ಗುರುತು ಇದ್ದರೆ ಮೆಟ್ಟಿಲು ಸಿಗುತ್ತದೆ, ಆದರೆ ತೂಗಾಡುತ್ತದೆ. ಯಾರೂ ಅದರ ಮೇಲೆ ಕಾಲಿಡಲಾರರು.

ಈಗ ನನ್ನ ಮುಂದೆ ಎರಡೇ ದಾರಿ. ಸೇರಿಸಿದರೆ ನರ್ಸು ನಿಮ್ಮೂರಿಗೆ, ಸೇರಿಸದಿದ್ದರೆ ಹೊಂಗೆಕೊಪ್ಪಲಿಗೆ. ಯಾವುದನ್ನು ಮಾಡಿದರೂ ತಪ್ಪು ಹಿಡಿಯುವವರಿಲ್ಲ. ಅದಕ್ಕೇ ಕೈ ಓಡುತ್ತಿಲ್ಲ. ನಿಮ್ಮ ತಮ್ಮನ ಮಗಳಾಗಿ ಆರಿಸಲೋ, ಬೇಡವೋ?

ಹುಣ್ಣಿಗೆ ಮುಲಾಮು, ಗಾಳಿ ತುಂಬುವ ದಿಂಬು ಕಳಿಸಿದ್ದೇನೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಲು ಅತ್ತಿಗೆಗೆ ಹೇಳಿ.

ಪ್ರಮೀಳಾ


ಬಿಳಿಗುಂಡನಹಳ್ಳಿ
29-5-1999

ಪ್ರಮೀಳಾ,

ದಿಂಬು ಬಂತು. ಊದಿ ಊದಿ ನನಗೇ ಉಬ್ಬಸ ಬಂತು. ಅವಳಿಗೆ ಹಿತವಾಗಿದೆ. ಮಗ್ಗುಲು ಬದಲಾಯಿಸುವುದು ನಾನೇ. ಸೊಸೆಯ ಸೊಂಟ ಹಿಡಿದುಕೊಂಡಿದೆ, ಯಾರಿಗೆ ಹೇಳಲಿ.

ಆಗುವುದಿಲ್ಲ ಅಂದೆ. ಅಂದ ಮೇಲೂ ನಾನು ಮಾಡಬೇಕಾದದ್ದು ಒಂದಿತ್ತು, ಮಾಡಿದೆ. ನೀನು ಬಂದಾಗ ನಮ್ಮೂರಲ್ಲಿ ನಮ್ಮದು ಬಿಟ್ಟು ಏಳಲಾರದವರು ಇದ್ದ ಮನೆ ಹತ್ತು. ಹತ್ತು ಮನೆಗೂ ಹೋದೆ. ಯಜಮಾನ ತಾನಾಗಿ ಇನ್ನೊಬ್ಬರ ಜಗಲಿ ಹತ್ತಿ ಕೂರುವುದು ಸಾವಿಗೆ ಮಾತ್ರ. ನನ್ನನ್ನು ನೋಡಿ ಯಾರಪ್ಪ ಹೋದದ್ದು ಅಂತ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು. ಕೂತು, ಮೊದಲು ನಾನೇ ಹೇಳಿದೆ, ನಮ್ಮನೆಯದು ಐದು ಅಂತ. ಹೇಳಿದ ಮೇಲೆ ಕೇಳಿದೆ.

ಏಳು ಮನೆಯವರು ಐದು ಅಂದರು. ಒಬ್ಬ ಅತ್ತ. ಎರಡು ಮನೆಯವರು ನೆಲ ನೋಡಿದರು, ನಾನು ಬಲವಂತ ಮಾಡಲಿಲ್ಲ. ಹತ್ತನೆಯದು ತಮ್ಮಯ್ಯನ ಮನೆ. ಅವನ ಅವ್ವ ಹೋಗಿ ಇಪ್ಪತ್ತು ದಿನ ಆಗಿತ್ತು. ಮಣ್ಣಿಗೆ ನಾನೂ ಹೋಗಿದ್ದೆ, ಆದರೂ ಬಾಗಿಲಿಗೆ ಹೋದೆ. ತಮ್ಮಯ್ಯ ಚಾಪೆ ಹಾಸಿದ.

"ಆವತ್ ನೀವ್ ಐದು ಅಂದಿದ್ರೆ ನಾನೂ ಅಂತಿದ್ದೆ ಯಜಮಾನ್ರೇ" ಅಂದ. ಅಷ್ಟೇ ಅಂದ. ಕೋಪದಲ್ಲಿ ಅನ್ನಲಿಲ್ಲ. ಕೋಪ ಮಾಡಿದ್ದರೆ ನಾನೂ ಎರಡು ಮಾತಾಡಿ ಎದ್ದು ಬರುತ್ತಿದ್ದೆ.

ಎಂಟು ಮನೆಯ ಸಹಿ, ಹೆಬ್ಬೆಟ್ಟು ಹಾಕಿಸಿದ ಹಾಳೆಯನ್ನು ಇದರೊಳಗೆ ಮಡಿಸಿ ಇಟ್ಟಿದ್ದೇನೆ. ಮೊದಲನೆಯದು ನನ್ನದು. ನಿನ್ನ ಕಂಪ್ಯೂಟರಿಗೆ ಬೇಡ ಅಂತ ಗೊತ್ತು. ಬೇಡವಾದರೆ ನಿನ್ನ ಟ್ರಂಕಿನಲ್ಲಿ ಹಾಕಿಕೋ.

ಆರಿಸಲೋ ಬೇಡವೋ ಅಂತ ನನ್ನನ್ನು ಕೇಳಿದ್ದೀಯ. ಮೂರು ದಿನ ಕೂತು ಯೋಚಿಸಿದೆ. ಸೇರಿಸು ಅನ್ನಬೇಕು ಅಂದರೆ ಆ ಚಿಕ್ಕಬೋರಮ್ಮ ಒಳಗಿನಿಂದ ನಗುವುದು ಕೇಳಿಸುತ್ತದೆ. ಅವರ ಮನೆಯ ಮಜ್ಜಿಗೆ ಕುಡಿದಿದ್ದೇನೆ. ಬೇಡ ಅನ್ನಬೇಕು ಅಂದರೆ ಇವಳ ಬೆನ್ನು ಕಣ್ಣಿಗೆ ಬರುತ್ತದೆ, ಏಳು ಮನೆಯವರು ಬರುತ್ತಾರೆ. ಊರಿಗೆಲ್ಲ ನ್ಯಾಯ ಹೇಳಿದವನಿಗೆ ಇದೊಂದು ಬಾಯಿಗೆ ಬರುತ್ತಿಲ್ಲ. ನನ್ನನ್ನು ಕೇಳಬೇಡ. ನೀನು ಓದಿದವಳು, ನೀನೇ ಮಾಡು, ಏನು ಮಾಡಿದರೂ ನಾನು ನಿನ್ನ ಮೇಲೆ ಕೂಗುವುದಿಲ್ಲ.

ಇನ್ನೊಂದಕ್ಕೆ ಮಾತ್ರ ಉತ್ತರ ಬೇಕು. ನಿನ್ನ ದೊಡ್ಡವ್ವ ದಿನಾ ಬೆಳಗ್ಗೆ ಕೇಳುತ್ತಾಳೆ, ಮಗ ನನ್ನ ಎಲ್ಲಿಗೆ ಬರೆದವ್ಳೆ ಅಂತ. ನರ್ಸಿನ ವಿಷಯ ಅವಳು ಎತ್ತುವುದೇ ಇಲ್ಲ. ಅದೊಂದನ್ನೇ ಕೇಳುತ್ತಾಳೆ. ಗೊತ್ತಿಲ್ಲ ಅಂದರೆ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಸುಳ್ಳು ಹೇಳಲು ನನಗೆ ಇನ್ನು ಧೈರ್ಯವಿಲ್ಲ. ನಿನ್ನ ಪುಸ್ತಕದಲ್ಲಿ, ಕಂಪ್ಯೂಟರಿನಲ್ಲಿ, ಎಲ್ಲಾದರೂ ಸರಿ, ಅವಳ ಹೆಸರಿನ ಮುಂದೆ ಏನಿದೆ, ನಾಲ್ಕೋ ಐದೋ? ಬೇರೆ ಏನೂ ಬರೆಯಬೇಡ. ಕಾರ್ಡಿನ ಮೇಲೆ ಒಂದು ಅಂಕಿ ಸಾಕು, ಅವಳಿಗೆ ತೋರಿಸುತ್ತೇನೆ.

ನಿನ್ನ ವರದಿ ಹೋಗುವ ಮೊದಲೇ, ಜೂನ್ ಹದಿನೈದರೊಳಗೆ ಅದು ನನ್ನ ಕೈಗೆ ಬರಬೇಕು.

ಹೊನ್ನಪ್ಪ